ಮಟ್ಟು ಯಾರದು?

ಜನಪದದ ಮಟ್ಟೊಂದನ್ನು ತೆಗೆದುಕೊಂಡು ಒಬ್ಬ ಸಂಗೀತಗಾರ ಗಿಟಾರಿಗೆ ಕೃತಿ ರಚಿಸಿದನೆನ್ನಿ. ಹಾಳೆಯ ಮೇಲ್ತುದಿಯಲ್ಲಿ ತನ್ನ ಹೆಸರು ಬರೆದುಕೊಳ್ಳುತ್ತಾನೆ. ಶಿಷ್ಯರಿಗೆ ಕಲಿಸುತ್ತಾನೆ, ಅವರು ಅವನ ಕೃತಿಯೆಂದೇ ಅದನ್ನು ನುಡಿಸುತ್ತಾರೆ. ಇದರಲ್ಲಿ ತಪ್ಪೇನಾದರೂ ಉಂಟೆ? ಕಲ್ಕತ್ತೆಯಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಈ ಪ್ರಶ್ನೆ ತೋರುವಷ್ಟು ಸಣ್ಣದಲ್ಲ. ಬೀಸುವ ಕಲ್ಲು ನಮ್ಮ ಫ್ಲ್ಯಾಟುಗಳಲ್ಲಿಲ್ಲ. ಸೋಬಾನೆ ಹೇಳುವ ಅಜ್ಜಿ ಊರಿನಲ್ಲಿದ್ದಾಳೆ. ನಮ್ಮ ಹುಡುಗನ ಕಿವಿಗೆ ಊರಿನ ಮಟ್ಟು ಮೊದಲ ಸಲ ಬೀಳುವುದು ಗಿಟಾರ್ ಪಾಠದಲ್ಲೇ ಆದರೂ ಆಶ್ಚರ್ಯವಿಲ್ಲ.

ಈ ಊರಿಗೆ ಗಿಟಾರ್ ಹೊಸತಲ್ಲ. ಹವಾಯಿಯನ್ ಗಿಟಾರಿನಲ್ಲಿ ರವೀಂದ್ರಸಂಗೀತ ನುಡಿಸುವ ಬಂಗಾಳಿ ಮನೆಗಳು ಒಂದು ಕಾಲಕ್ಕೆ ಎಷ್ಟೋ ಇದ್ದವು. ಬೆಂಗಳೂರಿನಲ್ಲಿ ಹುಟ್ಟಿದ ಕಾರ್ಲ್‌ಟನ್ ಕಿಟ್ಟೊ ಇಲ್ಲಿಗೆ ಬಂದು ನೆಲೆಸಿ, ಜಾಸ್ ಗಿಟಾರ್ ನುಡಿಸುತ್ತ, ಕಲಿಸುತ್ತ 2016ರಲ್ಲಿ ತೀರಿಕೊಂಡರು. ಅವರನ್ನು ನಮ್ಮವರೆಂದು ಎಣಿಸಲು ನಮಗೇಕೋ ಹೊಳೆಯಲೇ ಇಲ್ಲ. ಅದಿರಲಿ.

ಮಟ್ಟು ಎರವಲು ಪಡೆಯುವ ವಿಷಯದಲ್ಲಿ ಈ ಊರಿನ ದೊಡ್ಡ ಸಾಕ್ಷಿಯೆಂದರೆ ರವೀಂದ್ರರೇ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಅವರು ಅಲ್ಲಿ ಹೋಗಿ ಇದ್ದರು. ಮುಂದೆ ಸೊಸೆ ಸರಳಾದೇವಿ ಮೈಸೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಮಾಡಿ, ಅಲ್ಲಿ ಕೇಳಿದ ಮಟ್ಟುಗಳನ್ನು ತಂದು ಅವರಿಗೆ ಕೊಟ್ಟರು. ಇಲ್ಲಿನ ಸಭೆಗಳಲ್ಲಿ ಹಾಡುವ ‘ಆನಂದಲೋಕೆ’ ಹುಟ್ಟಿದ್ದು ಹಾಗೆ ಬಂದ ಮಟ್ಟಿನಿಂದ. ಎದ್ದು ನಿಂತು ಕೇಳುವ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಇನ್ನು 1905ರ ‘ಆಮಾರ್ ಸೋನಾರ್ ಬಾಂಗ್ಲಾ’. ಇಂದು ಬಾಂಗ್ಲಾದೇಶದ ರಾಷ್ಟ್ರಗೀತೆಯಾಗಿರುವ ಆ ಹಾಡಿನ ಮಟ್ಟು ಶಿಲಾಯಿದಹದ ಅಂಚೆಯಾಳು ಗಗನನ ಬಾವುಲ್ ಹಾಡಿನದು. ರವೀಂದ್ರರು ಅದನ್ನು ಮುಚ್ಚಿಡಲಿಲ್ಲ. ಗಗನನ ಹಾಡನ್ನೂ ಹೆಸರನ್ನೂ ಅವನ ಕೆಲಸವನ್ನೂ 1922ರ ತಮ್ಮ ಇಂಗ್ಲಿಷ್ ಪುಸ್ತಕವೊಂದರಲ್ಲಿ ಬರೆದಿದ್ದಾರೆ. ಅಂಚೆಯಾಳಿನ ಹೆಸರು ಉಳಿಯಿತು. ಮೈಸೂರಿನಲ್ಲಿ ಸರಳಾದೇವಿಗೆ ಹಾಡಿ ತೋರಿಸಿದವರ ಹೆಸರು ನಮ್ಮ ಬಾಯಲ್ಲಿ ಉಳಿಯಲಿಲ್ಲ.

ಕಾಯಿದೆ ಇಲ್ಲಿ ನೆರವಿಗೆ ಬಾರದು. 1957ರ ಕೃತಿಸ್ವಾಮ್ಯ ಕಾಯಿದೆಗೆ ಕರ್ತೃ ಬೇಕು; ಜನಪದಕ್ಕೆ ಕರ್ತೃವಿಲ್ಲ. ರವೀಂದ್ರರು 1941ರಲ್ಲಿ ತೀರಿಕೊಂಡರೂ ಅವರ ಹಾಡುಗಳ ಹಕ್ಕು 2001ರ ಕೊನೆಯವರೆಗೆ ವಿಶ್ವಭಾರತಿಯಲ್ಲಿತ್ತು. ಗಗನನ ಮಟ್ಟಿಗೆ ಅಂಥ ಬೇಲಿ ಒಂದು ದಿನವೂ ಇರಲಿಲ್ಲ. ಬೇಲಿ ಇಲ್ಲದ ಹೊಲವೆಂದರೆ ಯಾರದೂ ಅಲ್ಲದ ಹೊಲವೆಂದು ಅರ್ಥವೆ?

ತೆಗೆದುಕೊಳ್ಳುವುದೇ ತಪ್ಪು ಎಂದು ನಾನು ಒಪ್ಪಲಾರೆ. ಹಾಗೆಂದರೆ ಹಾಡುಗಾರ್ತಿಯರೇ ಮೊದಲ ತಪ್ಪಿತಸ್ಥರಾಗುತ್ತಾರೆ. ತವರಿನ ಮಟ್ಟನ್ನು ಗಂಡನ ಊರಿಗೆ ಒಯ್ದು ಅಲ್ಲಿ ಬೇರೆ ಪದ ಕಟ್ಟಿದವರು ಅವರೇ ತಾನೆ? ಸ್ಪೇನಿನ ಮಿಗೆಲ್ ಲ್ಯೊಬೆತ್ ಕಾತಾಲನ್ ಜನಪದ ಗೀತೆಗಳನ್ನು ಗಿಟಾರಿಗೆ ಅಳವಡಿಸಿದರು. ಆ ಸಂಗ್ರಹದ ಹೆಸರೇ ‘ಕಾತಾಲನ್ ಗೀತೆಗಳು’ ಎಂದಿರುವುದರಿಂದ ನುಡಿಸುವವರಿಗೆ ಮೂಲ ಮರೆಯದು. ಹಂಗೆರಿಯ ಬಾರ್ಟೋಕ್ ಹಳ್ಳಿ ಹಳ್ಳಿ ತಿರುಗಿ ಹಾಡು ಬರೆದುಕೊಂಡು, 1908ರಿಂದ ಮುಂದೆ, ಕಲಿಯುವ ಮಕ್ಕಳ ಸಣ್ಣ ಕೈಗೆ ನಿಲುಕುವಂತೆ ಪಿಯಾನೋ ರಚನೆಗಳನ್ನು ಮಾಡಿದರು. ಕ್ಯೂಬಾದ ಲಿಯೊ ಬ್ರೌವರ್ ಗಿಟಾರ್ ಕಲಿಯುವವರಿಗಾಗಿ ಬರೆದ ಸರಳ ಅಭ್ಯಾಸಗಳಲ್ಲಿ ಅವರ ನಾಡಿನ ಲಯಗಳು ಮಿಡಿಯುತ್ತವೆ. ಬೆರಳಿಗೆ ವ್ಯಾಯಾಮವೂ ಆಯಿತು, ಕಿವಿಗೆ ನಾಡೂ ಬಂತು.

ನಮ್ಮ ಮಟ್ಟುಗಳಿಗೆ ಈ ಕೆಲಸ ಮಾಡಹೊರಟವರಿಗೆ ತೊಡಕು ಬರುವುದು ಕೈಕೆಲಸದಲ್ಲಿ. ತ್ರಿಪದಿಯನ್ನೇ ನೋಡಿ. 1931ರಲ್ಲಿ ಹಲಸಂಗಿ ಗೆಳೆಯರು ಹೊರತಂದ ‘ಗರತಿಯ ಹಾಡು’ ತೆರೆದರೆ ಕಾಣುವುದು ಮೂರು ಸಾಲು. ಹಾಡುವಾಗಲೋ ಎರಡನೆಯ ಸಾಲಿನ ಒಂದು ಭಾಗ ಮತ್ತೆ ಬಂದು, ಮೂರು ನಾಲ್ಕಾಗುತ್ತದೆ. ಕಲ್ಲು ತಿರುಗುತ್ತಿರುವಾಗ ಮುಂದಿನ ಮಾತಿಗೆ ಕಾಯುವ ಜಾಗ ಅದು. ಪುಸ್ತಕ ಮಾತ್ರ ನೋಡಿ ಗಿಟಾರಿಗೆ ಬರೆದವನ ಕೈಯಲ್ಲಿ ಆ ಕಾಯುವಿಕೆಯೇ ಕಳೆದುಹೋಗುತ್ತದೆ. ಗಿಟಾರಿನ ಮೆಟ್ಟಿಲುಗಳು ಸ್ವರವನ್ನು ಅರ್ಧರ್ಧ ಅಂತರಕ್ಕೆ ಕತ್ತರಿಸಿಟ್ಟಿವೆ. ಹಾಡುಗಾರ್ತಿಯ ಸ್ವರ ನಡುವೆಲ್ಲೋ ಜಾರಿ ನಿಲ್ಲುತ್ತದೆ. ತಂತಿಯನ್ನು ಬೆರಳಿನಿಂದ ಎಳೆದರೆ ಸ್ವಲ್ಪ ಹತ್ತಿರ ಹೋಗಬಹುದು. ಕೆಳಗೆ ಪಾಶ್ಚಾತ್ಯ ಸ್ವರಮೇಳ ಕೂಡಿಸಿದರೆ ಮಟ್ಟು ಎಲ್ಲಿಗೋ ಅವಸರದಿಂದ ಹೊರಟಂತೆ ಕೇಳುತ್ತದೆ. ಅದಕ್ಕಿಂತ ಆರನೆಯ ತಂತಿಯನ್ನು ಒಂದು ಸ್ವರ ಇಳಿಸಿ, ನಾಲ್ಕನೆಯದರೊಡನೆ ಶ್ರುತಿಯಾಗಿ ಮೊಳಗಲು ಬಿಟ್ಟರೆ ಏಕತಾರಿಯ ನೆರಳಾದರೂ ಸಿಗುತ್ತದೆ. ಎಷ್ಟೇ ಮಾಡಲಿ, ಹಾಳೆಯ ಮೇಲಿನದು ಆ ಹಾಡಲ್ಲ. ಇದನ್ನು ಶಿಷ್ಯನಿಗೆ ಹೇಳುವ ಹೊಣೆ ಗುರುವಿನದು.

ಆದ್ದರಿಂದ ನನ್ನ ಮಟ್ಟಿಗೆ ಪ್ರಶ್ನೆ ಯಾರು ತೆಗೆದುಕೊಂಡರು ಎಂಬುದಲ್ಲ, ಹಿಂದಕ್ಕೆ ಹೋಗುವ ದಾರಿಯನ್ನು ಉಳಿಸಿದರೇ ಎಂಬುದು. ಗುರು ಮೊದಲು ಹಾಡನ್ನು ಬಾಯಲ್ಲಿ ಕಲಿಸಬೇಕು, ಹಾಳೆಯನ್ನು ಆಮೇಲೆ ಕೊಡಬೇಕು. ಬಂಗಾಳಿ ಹುಡುಗಿಗೂ ಅರ್ಥ ಹೇಳಿ ಕನ್ನಡದಲ್ಲೇ ಹಾಡಿಸಬೇಕು. ಪರೀಕ್ಷೆಗೆ ಇದರಿಂದ ಅಂಕ ಬರುವುದಿಲ್ಲ, ಹೊತ್ತೂ ಹಿಡಿಯುತ್ತದೆ ಎನ್ನುವ ತಂದೆತಾಯಿಗಳಿದ್ದಾರೆ. ಅವರು ಹೇಳುವುದು ಸುಳ್ಳಲ್ಲ. ಆದರೆ ಊರಿಗೆ ಹೋದ ಹುಡುಗ ಅಜ್ಜಿಯ ಮುಂದೆ ನುಡಿಸಿದಾಗ, ಅವಳು ‘ಹಂಗಲ್ಲೋ ಮಗಾ’ ಎಂದು ತಿದ್ದಿದರೆ, ಆ ತಿದ್ದುಪಡಿಯನ್ನು ಹಾಳೆಯಲ್ಲಿ ಗುರುತು ಮಾಡಿಕೊಳ್ಳುವಷ್ಟು ವಿನಯ ರಚಿಸಿದವನಿಗೆ ಇರಬೇಡವೆ?

ಹೆಸರಿನ ವಿಷಯ ಮಾತ್ರ ಇನ್ನೂ ಬಗೆಹರಿಯದು. ಹಾಡಿದವರ ಹೆಸರನ್ನು ಹಾಳೆಯ ಮೇಲೆ ಬರೆಯುವುದು ನ್ಯಾಯವೆನ್ನುತ್ತೇವೆ. ಕೇಳಲು ಹೋದರೆ ನಮ್ಮ ಹೆಣ್ಣುಮಕ್ಕಳು, ‘ನಂದೇನೈತಿ ಅದರಾಗ, ಎಲ್ಲಾರೂ ಹಾಡ್ತಾರ’ ಎಂದು ನಕ್ಕುಬಿಡುತ್ತಾರೆ. ಬೇಡವೆಂದವರ ಹೆಸರನ್ನು ಹಾಕುವುದೂ ಸಲ್ಲದು. ಆಗ ಊರಿನ ಹೆಸರು, ಬೀಸುವಾಗಲೋ ಮದುವೆಯಲ್ಲೋ ತೊಟ್ಟಿಲು ತೂಗುವಾಗಲೋ ಹಾಡಿದ್ದೆಂಬ ಮಾತು, ಕೇಳಿದ ವರ್ಷ, ಇಷ್ಟನ್ನು ಮೇಲೆ ಬರೆದು, ‘ಗಿಟಾರಿಗೆ ಅಳವಡಿಸಿದವರು’ ಎಂದು ತನ್ನ ಹೆಸರನ್ನು ಅದರ ಕೆಳಗೆ ಬರೆದುಕೊಳ್ಳಬಹುದು.