ದಣಿವು ಹತ್ತಿದ ಹೊತ್ತು

ಬೆಳಗಿನ ಐದೂವರೆಗೆ ಹಾಲು ತರಲು ಇಳಿದರೆ, ಪಕ್ಕದ ಕಟ್ಟಡದ ಗೇಟಿನ ಬಳಿ ರಾತ್ರಿಪಾಳಿಯ ಕಾವಲುಗಾರರು ಕಣ್ಣುಜ್ಜಿಕೊಳ್ಳುತ್ತ ನಿಂತಿರುತ್ತಾರೆ. ಪಶ್ಚಿಮ ನೇಪಾಳದ ಗುಡ್ಡಗಾಡಿನವರು. ಬೆಂಗಳೂರಿಗೆ ಬಂದು ಬಹಳ ವರ್ಷವಾಯಿತು. ‘ಹಾಲು ಬಂತಾ ಸಾರ್’ ಎಂದು ಅವರು ಕನ್ನಡದಲ್ಲಿ ಕೇಳುತ್ತಾರೆ. ನೇಪಾಳಿಯಲ್ಲಿ ನಾನು ಅವರನ್ನು ಕೇಳುವುದು ಒಂದೇ ವಾಕ್ಯ: ‘ಥಾಕ್ನುಭಯೋ, ದಾಯಿ?’ ದಣಿದಿರಾ, ಅಣ್ಣಾ? ‘ಅಲಿ ಅಲಿ’ ಎನ್ನುತ್ತಾರೆ, ಸ್ವಲ್ಪ ಸ್ವಲ್ಪ ಎಂದು. ಅಷ್ಟಕ್ಕೆ ನಮ್ಮ ಮಾತು ಮುಗಿಯುತ್ತದೆ.

ಹೀಗೆ ಕೇಳುವುದನ್ನು ನಾನು ಕಲಿತದ್ದು ನೇಪಾಳದ ನಾಮ್ಚೆ ಬಜಾರಿನ ಏರಿನಲ್ಲಿ. ದೂಧ್‌ಕೋಶಿ ನದಿಯ ಮೇಲಿನ ಎತ್ತರದ ತೂಗುಸೇತುವೆ ದಾಟಿದ ಮೇಲೆ ದಾರಿ ಬಿಡದೆ ಏರುತ್ತದೆ. ಊರಿರುವುದು 3,440 ಮೀಟರ್ ಎತ್ತರದಲ್ಲಿ. ಅರ್ಧ ಏರುವಷ್ಟರಲ್ಲಿ ನನಗೆ ಉಸಿರು ಸಾಲದಾಯಿತು. ಪುಸ್ತಕ ನೋಡಿ ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ಹೇಳಿದೆ: ‘ಮ ಥಾಕೆಂ.’ ನಾನು ದಣಿದೆ. ನಮ್ಮ ಚೀಲಗಳನ್ನು ಹೊತ್ತಿದ್ದ ಹಿರಿಯರು ನಿಂತರು. ನನ್ನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಅವರು ಅದನ್ನು ಕೊಂಚ ಬದಲಿಸಿ, ಮಗುವಿನ ತೊದಲನ್ನು ತಿದ್ದಿ ಹೇಳುವಂತೆ, ನನಗೇ ಮರಳಿಸಿದರು: ‘ಥಕಾಯಿ ಲಾಗ್ಯೋ?’

ಲಾಗ್ಯೋ ಎಂದರೆ ತಾಗಿತು, ಅಂಟಿತು, ಹತ್ತಿತು. ನೇಪಾಳಿಯಲ್ಲಿ ಹಸಿವು, ಬಾಯಾರಿಕೆ, ಚಳಿ, ಹೆದರಿಕೆ ಎಲ್ಲವೂ ಹೀಗೆಯೇ ಬಂದು ಹತ್ತುತ್ತವೆ. ನೆಗಡಿಗೂ ಇದೇ ಕ್ರಿಯಾಪದ, ಬಿಸಿಲಿಗೂ ಇದೇ. ಅಕ್ಕರೆಗೆ ಅವರು ಮಾಯಾ ಎನ್ನುತ್ತಾರೆ, ಅದೂ ಹತ್ತುತ್ತದೆ. ನಿದ್ದೆ ಹತ್ತಿತು ಎಂದು ದಿನವೂ ಆಡುವ ನಮಗೆ ಇದರಲ್ಲಿ ಅಚ್ಚರಿಯಿಲ್ಲ. ‘ಮಲಾಯಿ ಥಕಾಯಿ ಲಾಗ್ಯೋ’ ಎಂಬುದರ ಪದಕ್ಕೆ ಪದ ಇಟ್ಟರೆ ‘ನನಗೆ ದಣಿವು ಹತ್ತಿತು’ ಎಂದು ಸಲೀಸಾಗಿ ಕೂರುತ್ತದೆ. ದಣಿವು ಇನ್ನೂ ಮೈಯಲ್ಲೇ ಇದ್ದರೂ ಕ್ರಿಯೆ ಮಾತ್ರ ಭೂತಕಾಲದ್ದು, ನಾವು ‘ಸುಸ್ತಾಯ್ತಪ್ಪಾ’ ಎನ್ನುವ ಹಾಗೆಯೇ.

ನೇಪಾಳಿ ಆರ್ಯ ಕುಟುಂಬದ ಭಾಷೆ, ಕನ್ನಡ ದ್ರಾವಿಡ. ಭಾಷಾವಿಜ್ಞಾನಿ ಎಂ. ಬಿ. ಎಮಿನೋ 1956ರಲ್ಲಿ ಭಾರತವನ್ನು ಒಂದು ಭಾಷಾವಲಯವೆಂದು ಕರೆದರು. ಬೇರೆ ಬೇರೆ ಮನೆತನದ ಭಾಷೆಗಳು ಅಕ್ಕಪಕ್ಕದಲ್ಲಿ ಬಾಳಿ ಒಂದರ ನಡೆಯನ್ನು ಇನ್ನೊಂದು ಕಲಿತಿವೆ ಎಂದರು. ಈ ‘ನನಗೆ’ಯನ್ನೂ ವಿದ್ವಾಂಸರು ಆ ಹಂಚಿಕೆಯ ಲೆಕ್ಕಕ್ಕೆ ಸೇರಿಸುತ್ತಾರೆ. ನನಗೆ ಅದು ಲೆಕ್ಕಕ್ಕಿಂತ ಸಮಾಧಾನದ ಸಂಗತಿ. ‘ನಾನು ದಣಿದೆ’ ಎಂದಾಗ ಎಲ್ಲೋ ಸೋತೆ ಎಂಬ ಒಪ್ಪಿಗೆಯೂ ಅದರೊಳಗೆ ಸೇರಿಕೊಳ್ಳುತ್ತದೆ. ‘ನನಗೆ ದಣಿವಾಯಿತು’ ಎಂದರೆ ದಣಿವು ಹೊರಗಿನಿಂದ ಬಂದದ್ದು, ಬಂದದ್ದು ಹೋದೀತು.

ಅದನ್ನು ಕಳಿಸುವುದಕ್ಕೂ ನೇಪಾಳಿಯಲ್ಲಿ ಮಾತಿದೆ: ಥಕಾಯಿ ಮಾರ್ನು, ದಣಿವನ್ನು ಕೊಲ್ಲುವುದು. ‘ಎಕ್‌ಛಿನ್ ಥಕಾಯಿ ಮಾರೌಂ’ ಎಂದರು ಆ ಹಿರಿಯರು, ಒಂದು ಗಳಿಗೆ ದಣಿವು ಕೊಲ್ಲೋಣ. ನಾವು ಕೊಲ್ಲುವುದಿಲ್ಲ, ಆರಿಸುತ್ತೇವೆ. ಕಾದ ಹಂಚು ಆರುವಂತೆ, ಒದ್ದೆ ಬಟ್ಟೆ ಆರುವಂತೆ ನಮ್ಮ ದಣಿವು ಆರಬೇಕು. ಎರಡೂ ನನಗೆ ಇಷ್ಟ. ಇನ್ನೂ ಇಷ್ಟವಾದದ್ದು ‘ಸುಸ್ತಾಉನು’. ಪಾರಸಿಯ ಒಂದೇ ಸುಸ್ತು ಎರಡೂ ಕಡೆ ಬಂದಿದೆ. ಕನ್ನಡದಲ್ಲಿ ಅದು ಬಳಲಿಕೆ, ನೇಪಾಳಿಯ ಸುಸ್ತಾಉನು ವಿಶ್ರಮಿಸುವುದು.

ದಣಿವನ್ನು ಕೊಲ್ಲಲು ಅಲ್ಲಿ ಜಾಗಗಳೂ ಇವೆ. ನೇಪಾಳದ ಬೆಟ್ಟದಾರಿಗಳಲ್ಲಿ ಚೌತಾರಿ ಎಂಬ ಕಲ್ಲುಕಟ್ಟೆ ಸಿಗುತ್ತದೆ, ಅರಳಿ ಮತ್ತು ಆಲ ಜೊತೆಯಾಗಿ ನೆಟ್ಟು ಕಟ್ಟಿದ್ದು. ನಮ್ಮ ಅರಳಿಕಟ್ಟೆಯ ಒಡಹುಟ್ಟು. ತೀರಿಕೊಂಡವರ ನೆನಪಿಗೆ ಮನೆಯವರು ಇದನ್ನು ಕಟ್ಟಿಸುವುದುಂಟು. ಅನೇಕ ಕಟ್ಟೆಗಳಿಗೆ ಎರಡು ಮೆಟ್ಟಿಲು: ಕೆಳಗಿನದು ಮನುಷ್ಯನಿಗೆ, ಮೇಲಿನದು ಹೊರೆಗೆ. ಹೊತ್ತವನು ಬೆನ್ನು ತಿರುಗಿಸಿ ನಿಂತರೆ ಬಿದಿರಿನ ಡೋಕೋ ಬುಟ್ಟಿಯ ತಳ ತಾನಾಗಿ ಕಲ್ಲಿಗೆ ಕೂರುತ್ತದೆ. ಅರಳಿ, ಆಲ ಬೆಳೆಯದ ಎತ್ತರದಲ್ಲಿ ಬರಿ ಕಲ್ಲಿನ ಜಗಲಿ. ಅದೂ ಇಲ್ಲದೆಡೆ ಟೋಕ್ಮಾ ಎಂಬ ಗಿಡ್ಡ ಕೋಲನ್ನು ಬುಟ್ಟಿಯ ಕೆಳಗೆ ಊರಿ ನಿಂತೇ ಸುಧಾರಿಸಿಕೊಳ್ಳುತ್ತಾರೆ.

ಆ ದಿನ ನಮಗೆ ಸಿಕ್ಕಿದ್ದು ಅಂಥದೊಂದು ಜಗಲಿ. ಅವರು ಹೊರೆ ಊರಿದರು. ಹಣೆಯ ಮೇಲಿನ ನಾಮ್ಲೋ ಪಟ್ಟಿಯನ್ನು ಸರಿಸಿದಾಗ ಅದರಡಿಯಲ್ಲಿ ಅಗಲವಾದ ಕೆಂಪು ಗೆರೆ ಕಂಡಿತು. ಬಾಯಿಂದ ಸಣ್ಣ ಸಿಳ್ಳಿನಂತೆ ಉಸಿರು ಹೊರಬಂತು. ಇಂಥ ದಾರಿಗಳಲ್ಲಿ ತಮ್ಮ ಮೈತೂಕಕ್ಕಿಂತ ಹೆಚ್ಚು ಹೊರುವವರು ಇದ್ದಾರೆ. ಅಷ್ಟು ಹೊತ್ತೂ ಅವರ ದೇಹ ವ್ಯಯಿಸುವ ಶಕ್ತಿ ಎಷ್ಟು ಮಿತವೆಂದು ವಿಜ್ಞಾನಿಗಳು ಅಳೆದು 2005ರ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಅಂದು ನನ್ನ ಬೆನ್ನ ಮೇಲೆ ಇದ್ದದ್ದು ನೀರಿನ ಬಾಟಲಿ ಮತ್ತು ಒಂದು ಸ್ವೆಟರ್. ದಣಿವಿನ ಮಾತನ್ನು ನಾನು ಕಲಿತದ್ದು ನನಗಾಗಿ ಮಾತ್ರ. ಅವರನ್ನು ಕೇಳುವ ರೂಪ ಪುಸ್ತಕದಲ್ಲಿ ಹುಡುಕಿಯೇ ಇರಲಿಲ್ಲ. ನಾಚಿಕೆಯಾಯಿತು. ಹಿರಿಯರನ್ನು ಹೇಗೆ ಕೇಳಬೇಕೆಂದು ಅವರನ್ನೇ ಕೇಳಿದೆ. ‘ಥಾಕ್ನುಭಯೋ’ ಎಂದು ನಿಧಾನವಾಗಿ ಎರಡು ಸಲ ಹೇಳಿಕೊಟ್ಟರು.

ಇವತ್ತು ಬೆಳಿಗ್ಗೆ ಗೇಟಿನಲ್ಲಿ ಅದನ್ನೇ ಕೇಳಿದೆ. ‘ಅಲಿ ಅಲಿ’ ಬರಲಿಲ್ಲ. ಹಗಲಪಾಳಿಯವರು ನಿನ್ನೆ ಬಂದಿರಲಿಲ್ಲವಂತೆ; 24 ಗಂಟೆ ಅಲ್ಲೇ ಇದ್ದರು. ‘ಜೀಉ ಗಲ್ಯೋ’ ಎಂದರು. ಮೈ ಕರಗಿಹೋಯಿತು. ಈ ಮಾತು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ತಿಳಿಯಿತು. ಅವರು ಮೆಟ್ಟಿಲ ಮೇಲೆ ಒಂದಿಷ್ಟು ಸರಿದು ಕುಳಿತರು. ನಾನೂ ಕುಳಿತೆ, ಹಾಲಿನ ಪ್ಯಾಕೆಟ್ಟು ತೊಡೆಯ ಮೇಲೆ ತಣ್ಣಗಿತ್ತು. ಬದಲಿ ಬರುವವರ ಸೈಕಲ್ಲು ಬೀದಿಯ ತಿರುವಿನಲ್ಲಿ ಕಾಣುವವರೆಗೆ ಇಬ್ಬರೂ ಮಾತಾಡಲಿಲ್ಲ.