ಕ್ಷಣವೊಂದಕ್ಕೆ ವೇಗವುಂಟೇ?

ಅಂಬರನಾಥಕ್ಕೆ ಹೋಗುವ ಲೋಕಲ್ ರೈಲು ಕಲ್ಯಾಣ್ ಬಿಟ್ಟ ಮೇಲೆ ಮೊದಲು ನಿಲ್ಲುವುದು ವಿಠ್ಠಲವಾಡಿಯಲ್ಲಿ. ನಡುವಿನ ದಾರಿ ಸುಮಾರು ಎರಡು ಕಿಲೋಮೀಟರ್. ಈ ಪುಟ್ಟ ಓಟದ ವೇಗ-ಕಾಲ ನಕ್ಷೆ ಬರೆದರೆ ಶಾಲೆಯ ಪುಸ್ತಕದ ಆಕಾರವೇ ಮೂಡುತ್ತದೆ: ಏರುವ ಗೆರೆ, ಮಟ್ಟಸ ಗೆರೆ, ಇಳಿಯುವ ಗೆರೆ. ಲೆಕ್ಕಕ್ಕೆ ಹಗುರಾದ ಅಂಕಿಗಳನ್ನೇ ಇಟ್ಟುಕೊಳ್ಳೋಣ. ಗಾಡಿ 30 ಸೆಕೆಂಡಿನಲ್ಲಿ ಸೆಕೆಂಡಿಗೆ 15 ಮೀಟರ್ ವೇಗಕ್ಕೆ ಏರಿತು, 100 ಸೆಕೆಂಡು ಹಾಗೇ ಓಡಿತು, ಮತ್ತೆ 30 ಸೆಕೆಂಡಿನಲ್ಲಿ ನಿಂತಿತು. ಗೆರೆಯ ಕೆಳಗಿನ ಎರಡು ತ್ರಿಕೋನ, ಒಂದು ಆಯತದ ವಿಸ್ತೀರ್ಣ ಕೂಡಿಸಿದರೆ 1950. ಗಾಡಿ ಸಾಗಿದ ದೂರ ಅಷ್ಟು ಮೀಟರ್.

ನಕ್ಷೆಯನ್ನು ದಾರಿಯ ಚಿತ್ರವೆಂದು ಓದುವವರು ಬಹಳ. ಇಳಿಯುವ ಗೆರೆ ಕಂಡು, ಗಾಡಿ ಕಲ್ಯಾಣಿಗೆ ವಾಪಸು ಹೊರಟಿತು ಎನ್ನುತ್ತಾರೆ. ವಾಪಸಾಗಬೇಕಿದ್ದರೆ ಗೆರೆ ಅಕ್ಷದ ಕೆಳಗೆ ಇಳಿಯಬೇಕಿತ್ತು. ಗರ್ದಿಯಲ್ಲಿ ನಿಂತವರ ಮೈಗೆ ಮಾತ್ರ ಈ ತಪ್ಪಾಗದು. ಗೆರೆ ಓರೆಯಾದಾಗಲೇ ಕೈ ಹಿಡಿಕೆಯನ್ನು ಬಿಗಿ ಹಿಡಿಯುತ್ತದೆ. ಮಟ್ಟಸವಾದಾಗ ಎಷ್ಟೇ ವೇಗವಿದ್ದರೂ ಮೈ ಸುಮ್ಮನಿರುತ್ತದೆ.

ತತ್ತ್ವದ ತೊಡಕು ಇನ್ನೂ ಸರಳವಾದ ಕಡೆ ಇದೆ, ಗೆರೆಯ ಮೇಲಿನ ಒಂದು ಬಿಂದುವಿನಲ್ಲಿ. ಹೊರಟ 20ನೇ ಸೆಕೆಂಡಿನಲ್ಲಿ ವೇಗ ಸೆಕೆಂಡಿಗೆ 10 ಮೀಟರ್ ಎಂದು ನಕ್ಷೆ ಹೇಳುತ್ತದೆ. ಆದರೆ ಆ ಒಂದು ಕ್ಷಣದಲ್ಲಿ ಗಾಡಿ ಎಷ್ಟು ದೂರ ಹೋಯಿತು? ಸೊನ್ನೆ. ಹಿಡಿದ ಕಾಲವೂ ಸೊನ್ನೆ. ಹಾಗಿದ್ದರೆ 10 ಎಲ್ಲಿಂದ ಬಂತು? ಗ್ರೀಸಿನ ಜೀನೋ ಹಾರುವ ಬಾಣವನ್ನು ಮುಂದಿಟ್ಟು ಪ್ರತಿ ಕ್ಷಣವೂ ಅದು ನಿಂತೇ ಇದೆಯಲ್ಲ ಎಂದು ಕೆಣಕಿದ. ಬೌದ್ಧ ದಾರ್ಶನಿಕ ನಾಗಾರ್ಜುನ ತನ್ನ ಮೂಲಮಧ್ಯಮಕ ಕಾರಿಕೆಯ ಎರಡನೇ ಪ್ರಕರಣದಲ್ಲಿ ಇನ್ನೂ ಹರಿತವಾಗಿ ವಾದಿಸುತ್ತಾನೆ: ನಡೆದು ಮುಗಿದ ದಾರಿಯಲ್ಲಿ ನಡಿಗೆಯಿಲ್ಲ, ಇನ್ನೂ ನಡೆಯದ ದಾರಿಯಲ್ಲೂ ಇಲ್ಲ, ಇವೆರಡನ್ನು ಬಿಟ್ಟು ಈಗ ನಡೆಯುತ್ತಿರುವ ದಾರಿಯೆಂಬುದು ಸಿಗುವುದೇ ಇಲ್ಲ.

ಖಗೋಳದ ಲೆಕ್ಕಿಗರಿಗೆ ಅಷ್ಟಕ್ಕೇ ನಿಲ್ಲುವಂತಿರಲಿಲ್ಲ. ಚಂದ್ರನ ಗತಿ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ದಿನದ ಸರಾಸರಿ ಹಿಡಿದರೆ ತಿಥಿ ಮುಗಿಯುವ ಹೊತ್ತಿನ ಲೆಕ್ಕ ತಪ್ಪಿಹೋಗುತ್ತದೆ. ಅದಕ್ಕೆಂದೇ ಎರಡನೇ ಭಾಸ್ಕರಾಚಾರ್ಯ 1150ರ ಸಿದ್ಧಾಂತಶಿರೋಮಣಿಯಲ್ಲಿ ತಾತ್ಕಾಲಿಕ ಗತಿಯನ್ನು, ಅಂದರೆ ಆ ಕ್ಷಣದ ವೇಗವನ್ನು, ಲೆಕ್ಕಕ್ಕೆ ತಂದ. ಅವನ ಗ್ರಂಥಗಳನ್ನು ಓದಿಸಲು ಮೊಮ್ಮಗ ಚಾಂಗದೇವ ಮಠ ಕಟ್ಟಿಸಿದ ಪಾಟಣ ಇರುವುದು ಚಾಳೀಸಗಾಂವ್ ಬಳಿ, ಕಲ್ಯಾಣಿನಲ್ಲಿ ಕವಲೊಡೆಯುವ ಇನ್ನೊಂದು ಹಳಿಯ ದಿಕ್ಕಿನಲ್ಲಿ.

ನಮ್ಮ ಗಾಡಿಗೆ ಬರೋಣ. 20ನೇ ಸೆಕೆಂಡಿನಿಂದ ಒಂದು ಸೆಕೆಂಡು ಹಿಡಿದರೆ ಸರಾಸರಿ ವೇಗ 10.25. ಹತ್ತನೇ ಒಂದು ಸೆಕೆಂಡು ಹಿಡಿದರೆ 10.025, ನೂರನೇ ಒಂದಕ್ಕೆ 10.0025. ಅವಧಿ ಕಿರಿದಾದಷ್ಟೂ ಉತ್ತರ 10ರತ್ತ ಸರಿಯುತ್ತದೆ. ಆ ಮಿತಿಯನ್ನೇ ನಾವು ಕ್ಷಣದ ವೇಗ ಎನ್ನುವುದು. ಅಂದರೆ 10 ಎಂಬುದು ಆ ಕ್ಷಣದ ಸ್ವಂತ ಆಸ್ತಿಯಲ್ಲ, ಅಕ್ಕಪಕ್ಕದ ಕ್ಷಣಗಳು ಕೊಟ್ಟ ಸಾಕ್ಷ್ಯ. ಬರ್ಟ್ರಂಡ್ ರಸೆಲ್ 1903ರಲ್ಲಿ ಇದನ್ನು ಕಡೆಯವರೆಗೂ ಎಳೆದ: ಚಲನೆಯೆಂದರೆ ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆ ಜಾಗದಲ್ಲಿರುವುದು, ಅಷ್ಟೇ. ನಮ್ಮ ವೈಶೇಷಿಕ ದಾರ್ಶನಿಕರು ಇದನ್ನು ಒಪ್ಪುತ್ತಿರಲಿಲ್ಲ. ಅವರಿಗೆ ವೇಗ ದ್ರವ್ಯದೊಳಗೇ ನೆಲೆಸಿರುವ ಸಂಸ್ಕಾರ, ಮುಂದಿನ ಚಲನೆಗೆ ಕಾರಣ. ಗಣಿತಕ್ಕೆ ರಸೆಲ್ ಸಾಕು, ನನ್ನ ಒಲವೂ ಅತ್ತಲೇ. ಆದರೂ ಒಂದು ಮುಳ್ಳು ಉಳಿಯುತ್ತದೆ: ಮುಂದೆ ಎಲ್ಲಿರುತ್ತದೆ ಎಂಬುದರಿಂದಲೇ ವೇಗವನ್ನು ತಿಳಿಯುವುದಾದರೆ, ಗಾಡಿ ಮುಂದೆ ಅಲ್ಲೇಕೆ ಇರುತ್ತದೆ ಎಂಬುದಕ್ಕೆ ಅದೇ ವೇಗವನ್ನು ಕಾರಣವಾಗಿ ಹೇಳಲಾದೀತೇ?

ನಿಲುಗಡೆಗೂ ಅಕ್ಕಪಕ್ಕದ ಕ್ಷಣಗಳ ಸಾಕ್ಷ್ಯವೇ ಬೇಕು. ಈಗಿನ ಒಂದು ಕ್ಷಣದಲ್ಲಿ ಚಲನೆಯೂ ಇಲ್ಲ, ವಿಶ್ರಾಂತಿಯೂ ಇಲ್ಲ ಎಂದವನು ಅರಿಸ್ಟಾಟಲ್. ವಿಠ್ಠಲವಾಡಿಯಲ್ಲಿ ಗಾಡಿ ನಿಂತಷ್ಟು ಹೊತ್ತು ಗೆರೆ ಅಕ್ಷದ ಮೇಲೆ ಮಲಗಿರುತ್ತದೆ. ಅದು ನಿಜವಾಗಿ ನಿಂತದ್ದು. ಮೇಲೆಸೆದ ಚೆಂಡು ತುತ್ತತುದಿ ಮುಟ್ಟಿದಾಗಲೂ ವೇಗ ಸೊನ್ನೆಯೇ, ಆದರೆ ಅದರ ಗೆರೆ ಅಕ್ಷವನ್ನು ಕತ್ತರಿಸಿ ಕೆಳಗಿಳಿಯುತ್ತದೆ. ಅಲ್ಲಿ ವೇಗೋತ್ಕರ್ಷವೂ ಸೊನ್ನೆ ಎಂದು ಪರೀಕ್ಷೆಯಲ್ಲಿ ಬರೆದವರು ಆ ಬಿಂದುವನ್ನಷ್ಟೇ ನೋಡಿ ಗೆರೆಯನ್ನು ಬಿಟ್ಟವರು: ಅಕ್ಷ ದಾಟುವಾಗಲೂ ಅದರ ಓರೆ ಬದಲಾಗಿಲ್ಲ, ಪ್ರತಿ ಸೆಕೆಂಡಿಗೆ ವೇಗದಲ್ಲಿ 9.8ರ ಇಳಿತ.