ಯಮುನೆ ನಿಂತುಹೋದ ಗಳಿಗೆ

1952ರಲ್ಲಿ ನೃತ್ಯಗಾರ್ತಿ ಚಂದ್ರಲೇಖಾ ರಂಗಪ್ರವೇಶ ಮಾಡಿದ್ದು ರಾಯಲಸೀಮೆಯ ಬರ ಪರಿಹಾರ ನಿಧಿಗೆಂದು ಏರ್ಪಟ್ಟ ಕಾರ್ಯಕ್ರಮದಲ್ಲಿ. ಗುರು ಎಲ್ಲಪ್ಪ ಪಿಳ್ಳೆ ಹಾಡುತ್ತಿದ್ದರು. ಹಾಡು ತೆಲುಗಿನ ‘ಮಥುರಾ ನಗರಿಲೋ’. ತುಂಬಿ ಹರಿಯುವ ಯಮುನೆ, ಗೋಪಿಯ ಗೆಳತಿಯರ ನೀರಾಟ, ಎರಚಾಟ ಎಲ್ಲವನ್ನೂ ಕೈಬೆರಳುಗಳಲ್ಲಿ ತೋರಿಸುತ್ತಿದ್ದಾಗ ಪತ್ರಿಕೆಯಲ್ಲಿ ಕಂಡಿದ್ದ ಚಿತ್ರಗಳು ಆಕೆಯ ಕಣ್ಣಮುಂದೆ ಬಂದವು: ಬಿರುಕುಬಿಟ್ಟ ನೆಲ, ಪುಟ್ಟ ಡಬ್ಬಿ ಹಿಡಿದು ನೀರಿಗೆ ಸಾಲು ನಿಂತ ಜನ. ಕ್ಷಣಕಾಲ ಆಕೆ ಮರಗಟ್ಟಿ ನಿಂತರು. ತಾನು ಒಡೆದು ಇಬ್ಬರಾದಂತಿತ್ತು ಎಂದು ಮುಂದೆ ಹೇಳಿಕೊಂಡರು. ಆ ಗಳಿಗೆಗೆ ಆಕೆಯ ಮಾತೇ ಸಾಕ್ಷಿ. 2003ರಲ್ಲಿ ಐನ್ ಲಾಲ್ ಆಕೆಯ ನೃತ್ಯಶೋಧನೆಯ ಬಗ್ಗೆ ‘ಶರೀರ’ ಎಂಬ ಸಾಕ್ಷ್ಯಚಿತ್ರ ಮಾಡುವ ಹೊತ್ತಿಗೆ ಅದಕ್ಕೆ ಐವತ್ತು ವರ್ಷ ಕಳೆದಿತ್ತು. ಆದರೂ ಆಕೆಯ ಬದುಕನ್ನೂ ಕೆಲಸವನ್ನೂ ಅರಿಯಲು ಅಲ್ಲಿಂದಲೇ ಹೊರಡಬೇಕು. ಆ ನಿಲುಗಡೆ ನೃತ್ಯದ ಸೋಲಲ್ಲ. ಭಕ್ತಿ ತನ್ನ ಮಾತನ್ನು ತಾನೇ ನಂಬಿದಾಗ ಆಗುವುದು ಹೀಗೆಯೇ.

ನೀರಿಲ್ಲದ ಆ ಸೀಮೆ ಕನ್ನಡಿಗರಿಗೆ ದೂರದ್ದಲ್ಲ. ರಾಯದುರ್ಗ ಆಗಿನ್ನೂ ಬಳ್ಳಾರಿ ಜಿಲ್ಲೆಯ ತಾಲ್ಲೂಕು, ಮರುವರ್ಷ ಆಂಧ್ರಕ್ಕೆ ಸೇರಿತು. ಮಡಕಶಿರ ಆಗ ಅನಂತಪುರ ಜಿಲ್ಲೆಯಲ್ಲಿತ್ತು, ಮೂರು ಕಡೆ ಕನ್ನಡ ನಾಡಿಗೆ ತಾಗಿಕೊಂಡ ಸೀಮೆ. ಮುಂಗಾರಿನ ಮೋಡ ಪಶ್ಚಿಮ ಘಟ್ಟದಲ್ಲೇ ಬರಿದಾಗುತ್ತದೆ, ಹಿಂಗಾರು ಇಲ್ಲಿಗೆ ಬರುವಷ್ಟರಲ್ಲಿ ಸೊರಗಿರುತ್ತದೆ. ವರ್ಷಕ್ಕೆ ಸಿಕ್ಕುವುದು 550 ಮಿಲಿಮೀಟರಿನ ಆಸುಪಾಸು ಮಳೆ. ರಾಯದುರ್ಗದ ಕಡೆ ವೇದಾವತಿ, ಜನರ ಬಾಯಲ್ಲಿ ಹಗರಿ, ನೀರಿಗಿಂತ ಮರಳನ್ನೇ ಹೆಚ್ಚು ಹೊತ್ತ ಹೊಳೆ. ಬೊಮ್ಮನಹಾಳು, ಕಣೇಕಲ್ಲಿನ ಹೊಲಗಳ ಮೇಲೆ ಆ ಮರಳು ದಿಬ್ಬದಿಬ್ಬವಾಗಿ ಬಂದು ಕೂತಿದೆ. ಇಂಥ ಹೊಳೆಯಲ್ಲಿ ನೀರು ಬೇಕೆಂದರೆ ಬಗ್ಗಿ ಮರಳು ತೋಡಬೇಕು, ಒರತೆ ತಿಳಿಯಾಗುವವರೆಗೆ ಕುಕ್ಕರುಗಾಲಲ್ಲಿ ಕಾಯಬೇಕು, ಬೊಗಸೆ ಬೊಗಸೆಯಾಗಿ ಮೊಗೆಯಬೇಕು. ಅಭಿನಯದಲ್ಲೂ ನೀರು ಮೊಗೆಯುವುದು ಇದೇ ಬೊಗಸೆಯಲ್ಲಿ.

ಆಕೆ ನಿಂತದ್ದು ಸೋಲಲ್ಲ ಎಂದರೆ ರಸಸಿದ್ಧಾಂತ ಬಲ್ಲವರು ತಡೆಯುತ್ತಾರೆ. ಕಾವ್ಯಮೀಮಾಂಸಕ ಅಭಿನವಗುಪ್ತ ರಸಕ್ಕೆ ಏಳು ವಿಘ್ನಗಳನ್ನು ಹೇಳಿದ್ದಾನೆ; ತನ್ನ ದೇಶಕಾಲಕ್ಕೆ ಅಂಟಿಕೊಳ್ಳುವುದು, ತನ್ನದೇ ಸುಖದುಃಖಕ್ಕೆ ವಶವಾಗುವುದು ಅವುಗಳಲ್ಲಿ ಸೇರಿವೆ. ಹಾಗಾದರೆ ಚಂದ್ರಲೇಖಾಗೆ ಆದದ್ದು ಶುದ್ಧ ರಸವಿಘ್ನವಲ್ಲವೇ? ಆಕ್ಷೇಪ ತೂಕದ್ದೇ. ಆದರೆ ಬಾಯಾರಿದ್ದು ಆಕೆಗಲ್ಲ, ಕಾಡಿದ್ದು ಸ್ವಂತ ದುಃಖವೂ ಅಲ್ಲ. ಸಾಧಾರಣೀಕರಣವೆಂದರೆ ಗೋಪಿಯ ಭಾವ ಗೋಪಿಯೊಬ್ಬಳದಾಗಿ ಉಳಿಯದೆ ಎಲ್ಲರದಾಗುವುದು. ಆ ‘ಎಲ್ಲರ’ ಲೆಕ್ಕದಿಂದ ಡಬ್ಬಿ ಹಿಡಿದು ನಿಂತವಳನ್ನು ಹೊರಗಿಟ್ಟರೆ ಅದು ಸಾಧಾರಣ ಆಗುವುದು ಹೇಗೆ? ಅಂದು ಯಮುನೆ ನಿಂತದ್ದು ರಸ ಕೆಟ್ಟಿದ್ದರಿಂದಲ್ಲ, ಅದರ ಅಳತೆ ಹಿಗ್ಗಿದ್ದರಿಂದ.

ಆಕೆ ನಿಂತದ್ದರಿಂದ ಯಾರ ಕೊಡವೂ ತುಂಬಲಿಲ್ಲ, ನಿಜ. ಕೂಡಿದ ಹಣ ಆಕೆ ನಿಂತರೂ ಕುಣಿದರೂ ಹೋಗಬೇಕಾದಲ್ಲಿಗೇ ಹೋಗುತ್ತಿತ್ತು. ಕಲಾವಿದೆಯ ತಳಮಳವನ್ನು ಪರಿಹಾರ ಕಾರ್ಯವೆಂದು ಕೊಂಡಾಡುವುದು ಬರ ಉಂಡವರಿಗೆ ಮಾಡುವ ಅವಮಾನ. ಬದಲಾದದ್ದು ಬೇರೆ: ಯಾವುದನ್ನು ನೃತ್ಯವೆಂದು ಒಪ್ಪಬಹುದು ಎಂಬ ಆಕೆಯ ತಕ್ಕಡಿ. ಮುಂದೆ ಆಕೆ ಬಹುಕಾಲ ವೇದಿಕೆ ಬಿಟ್ಟು ಪೋಸ್ಟರು, ವಿನ್ಯಾಸ, ಮಹಿಳಾ ಚಳವಳಿಯ ಕೆಲಸಗಳಲ್ಲಿದ್ದರು. 1985ರ ‘ಆಂಗಿಕ’ದೊಂದಿಗೆ ಮರಳಿದಾಗ ಭರತನಾಟ್ಯದ ಜತೆ ಯೋಗ, ಕಳರಿಪಯಟ್ಟು ಸೇರಿದ್ದವು, ದೇವರ ಕಥೆಯೂ ನಲ್ಲನಿಗೆ ಕಾಯುವ ನಾಯಿಕೆಯೂ ಹಿಂದೆ ಸರಿದಿದ್ದವು. ಬರವನ್ನು ಕಥಾವಸ್ತು ಮಾಡಿ ಕುಣಿಸುವ ಸುಲಭದ ದಾರಿಯನ್ನು ಆಕೆ ಹಿಡಿಯಲಿಲ್ಲ ಎಂಬುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ದೇವರನ್ನು ಕಳೆದ ಮೇಲೆ ಉಳಿದದ್ದು ವ್ಯಾಯಾಮ ಎಂದು ಆಸ್ತಿಕರು ಕೊರಗುತ್ತಾರೆ. ಮೈಯೇ ಗುಡಿಯೆಂದ ಶರಣರ ನಾಡಿನವರು ಹೀಗೆ ಕೊರಗಬೇಕಾಗಿಲ್ಲ. ಮಡಕಶಿರ ಸೀಮೆಯ ಹೇಮಾವತಿಯಲ್ಲಿ, ನೊಳಂಬ ಅರಸರ ಹಳೆಯ ಹೆಂಜೇರಿನಲ್ಲಿ, ಸಿದ್ಧೇಶ್ವರನ ಗರ್ಭಗುಡಿಗೆ ಹೋದವರಿಗೆ ಕಾಣುವುದು ಲಿಂಗವಲ್ಲ. ಮನುಷ್ಯನಂತೆ ಕುಳಿತ ಶಿವ. ಕೈ, ಕಾಲು, ಮೊಣಕಾಲು ಇರುವ ಮೈಗೇ ಅಲ್ಲಿ ಆರತಿ.

2001ರಲ್ಲಿ ಬಂದ ‘ಶರೀರ’ ಎಂಬ ನೃತ್ಯ ಚಂದ್ರಲೇಖಾರ ಕೊನೆಯ ಕೃತಿ. ಗುಂದೇಚಾ ಸಹೋದರರ ಧ್ರುಪದ್ ಆಲಾಪದ ಜತೆ ಹೆಣ್ಣಿನ ಕಾಲುಗಳು ತೀರಾ ನಿಧಾನವಾಗಿ ತೆರೆದು ತ್ರಿಕೋನವಾಗುತ್ತವೆ. 1952ರಲ್ಲಿ ಒಂದೇ ಕ್ಷಣವಿದ್ದ ಆ ನಿಲುಗಡೆ ಇಲ್ಲಿ ಇಡೀ ಕೃತಿಯ ನಡೆಯೇ ಆಗಿದೆ ಎಂದು ನಾನು ಓದಿಕೊಳ್ಳುತ್ತೇನೆ. 2006ರ ಡಿಸೆಂಬರಿನಲ್ಲಿ ಆಕೆ ತೀರಿಕೊಂಡರು. ಆಮೇಲೂ ಕವಿ ತಿಷಾನಿ ದೋಷಿ ಮತ್ತು ಕಳರಿ ಪಟು ಶಾಜಿ ಜಾನ್ ‘ಶರೀರ’ವನ್ನು ವರ್ಷಗಟ್ಟಲೆ ವೇದಿಕೆಗೆ ತಂದರು, ಅದೇ ನಿಧಾನದಲ್ಲಿ.